ಪಾಂಚೊ ಬಾರ್ನ್ಸ್

ಪಾಂಚೊ ಬಾರ್ನ್ಸ್ (ಜುಲೈ 22, 1901 – ಮಾರ್ಚ್ 1975) ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ತಲೆಮಾರಿನ ಮಹಿಳಾ ವಿಮಾನಚಾಲಕರಲ್ಲಿ ಒಬ್ಬರು. ಅವರ ಪೂರ್ಣ ಹೆಸರು ಫ್ಲಾರೆನ್ಸ್ ಲೋ ಬಾರ್ನ್ಸ್. 1930ರಲ್ಲಿ ಮಹಿಳೆಯರ ಹಾರಾಟದ ವೇಗದಲ್ಲಿ ಹೊಸ ದಾಖಲೆ ನಿರ್ಮಿಸಿದ ಅವರು ಹಾಲಿವುಡ್‌ನ ಚಲನಚಿತ್ರಗಳಿಗಾಗಿಯೂ ವಿಮಾನ ಹಾರಿಸಿದರು. ಆದರೆ ಜನರ ನೆನಪಿನಲ್ಲಿ ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಮೊಹಾವಿ ಮರುಭೂಮಿಯೊಂದಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಯುವಕರು ಯುದ್ಧವಿಮಾನದ ತರಬೇತಿ ಪಡೆದ ಮ್ಯೂರಾಕ್ ಸೇನಾ ವಿಮಾನ ನೆಲೆಯ ಪಕ್ಕದಲ್ಲೇ ಅವರ ಜಮೀನು ಇತ್ತು. ಆ ನೆಲೆಗೆ ಹಾಲು, ಮಾಂಸ, ವಿಶ್ರಾಂತಿಯ ತಾಣ ಎಲ್ಲವನ್ನೂ ಒದಗಿಸಿದ ಆ ಜಮೀನನ್ನು ಮುಂದೆ ಅದೇ ನೆಲೆ ನುಂಗಿತು. ಮ್ಯೂರಾಕ್ ನೆಲೆಯೇ ಇಂದಿನ ಎಡ್ವರ್ಡ್ಸ್ ವಾಯುಪಡೆ ನೆಲೆ.

ಜನನ ಮತ್ತು ಬಾಲ್ಯ

ಫ್ಲಾರೆನ್ಸ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಸಿರಿವಂತ ಮನೆತನದಲ್ಲಿ. ಅವರ ತಾತ ಥ್ಯಾಡಿಯಸ್ ಲೋ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನೆಯ ಬಲೂನು ದಳದ ಮುಖ್ಯಸ್ಥರಾಗಿದ್ದರು. ಅನಿಲ ತುಂಬಿದ ಬಲೂನಿನಲ್ಲಿ ಮೇಲೇರಿ ಶತ್ರುಸೇನೆಯ ಚಲನವಲನವನ್ನು ಕಂಡು ತಂತಿಯ ಮೂಲಕ ಕೆಳಗೆ ತಿಳಿಸುವುದು ಆ ದಳದ ಕೆಲಸ. ಸೈನ್ಯಕ್ಕೂ ಆಕಾಶಕ್ಕೂ ಅಮೆರಿಕದಲ್ಲಿ ನಂಟು ಬೆಸೆದವರಲ್ಲಿ ಅವರು ಮೊದಲಿಗರು. ಮುಂದೆ ಪ್ಯಾಸಡೀನಾದ ಬೆಟ್ಟಕ್ಕೆ ರೈಲು ಹಾದಿ ಕಟ್ಟಿಸಲು ಹೋಗಿ ತಮ್ಮ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡರು. ಮೊಮ್ಮಗಳ ಬದುಕಿನಲ್ಲಿಯೂ ಆಕಾಶ, ಸೈನ್ಯ, ಕೈತಪ್ಪಿದ ಸಂಪತ್ತು ಈ ಮೂರೂ ಬಂದುಹೋದವು.

1910ರ ಜನವರಿಯಲ್ಲಿ ಲಾಸ್ ಏಂಜಲಿಸ್ ಬಳಿಯ ಡೊಮಿಂಗೇಸ್ ಮೈದಾನದಲ್ಲಿ ಅಮೆರಿಕದ ಮೊದಲ ದೊಡ್ಡ ವಿಮಾನ ಪ್ರದರ್ಶನ ನಡೆಯಿತು. ತಾತ ಎಂಟು ವರ್ಷದ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದರು. ಆದರೂ ಬಾಲಕಿಯ ಮನಸ್ಸು ಆಗ ವಿಮಾನಕ್ಕಿಂತ ಕುದುರೆಗಳ ಕಡೆಗೇ ಹೆಚ್ಚು ವಾಲಿತ್ತು. ಕುದುರೆ ಸವಾರಿಯಲ್ಲಿ ಅವರು ಚಿಕ್ಕಂದಿನಲ್ಲೇ ನುರಿತಿದ್ದರು. ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ಅಂದು ವಿಧಿಸಿದ್ದ ನಯವಿನಯಗಳು ಅವರಿಗೆ ಒಗ್ಗಲಿಲ್ಲ.

ವಿವಾಹ ಮತ್ತು ಹೊಸ ಹೆಸರು

1921ರಲ್ಲಿ ಮನೆಯವರ ಇಚ್ಛೆಯಂತೆ ಕ್ರೈಸ್ತ ಪಾದ್ರಿ ರ‍್ಯಾಂಕಿನ್ ಬಾರ್ನ್ಸ್ ಅವರೊಡನೆ ಫ್ಲಾರೆನ್ಸ್ ಅವರ ವಿವಾಹವಾಯಿತು. ಅದೇ ವರ್ಷ ಮಗ ವಿಲಿಯಂ ಹುಟ್ಟಿದ. ಚರ್ಚಿನ ಪಾದ್ರಿಯ ಪತ್ನಿಯಾಗಿ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಬದುಕು ಅವರದಾಗಿರಲಿಲ್ಲ. ದಂಪತಿಗಳು ಬೇಗನೆ ಬೇರೆಬೇರೆಯಾಗಿ ಬಾಳತೊಡಗಿದರು. ಆದರೆ ಕಾನೂನಿನ ಪ್ರಕಾರ ವಿಚ್ಛೇದನವಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

1920ರ ದಶಕದ ಕೊನೆಯಲ್ಲಿ ಅವರು ಗಂಡಸಿನ ವೇಷ ಧರಿಸಿ, ಮೆಕ್ಸಿಕೊಗೆ ಹೊರಟಿದ್ದ ಸರಕು ಹಡಗೊಂದರಲ್ಲಿ ಕೆಲಸದಾಳಾಗಿ ಸೇರಿಕೊಂಡರು. ಆ ಹಡಗು ಕಳ್ಳಸಾಗಣೆಯ ಶಸ್ತ್ರಾಸ್ತ್ರಗಳನ್ನು ಹೊತ್ತಿತ್ತು. ಮೆಕ್ಸಿಕೊದ ರೇವಿನಲ್ಲಿ ಸಿಕ್ಕಿಬಿದ್ದಾಗ ಫ್ಲಾರೆನ್ಸ್ ಮತ್ತು ಜೊತೆಗಾರನೊಬ್ಬ ಹಡಗಿನಿಂದ ತಪ್ಪಿಸಿಕೊಂಡು ಒಳನಾಡಿನಲ್ಲಿ ತಿಂಗಳುಗಟ್ಟಲೆ ಅಲೆದರು. ಕತ್ತೆಯ ಮೇಲೆ ಸಾಗುತ್ತಿದ್ದ ಅವರನ್ನು ಡಾನ್ ಕ್ವಿಕ್ಸೋಟ್ ಕಥೆಯ ಸಾಂಚೊ ಪಾಂಜಾಗೆ ಹೋಲಿಸಲು ಹೋಗಿ ಸಾಂಚೊ ಎನ್ನುವ ಬದಲು ಪಾಂಚೊ ಎಂಬ ಹೆಸರು ಬಾಯಿಗೆ ಬಂದಿತೆಂದು ಪ್ರತೀತಿ. ತಪ್ಪಿ ಬಂದ ಆ ಹೆಸರನ್ನೇ ಅವರು ಕೊನೆಯವರೆಗೆ ಇಟ್ಟುಕೊಂಡರು.

ವಿಮಾನಯಾನ

1928ರಲ್ಲಿ ಸಂಬಂಧಿಕನೊಬ್ಬನಿಗೆ ವಿಮಾನ ಪಾಠ ಕೊಡಿಸಲೆಂದು ಹೋದ ಪಾಂಚೊ ತಾವೇ ಕಲಿಯಲು ನಿಂತರು. ಮೊದಲ ಮಹಾಯುದ್ಧದಲ್ಲಿ ಭಾಗವಹಿಸಿದ್ದ ಅನುಭವಿಯೊಬ್ಬರು ಅವರ ಗುರು. ಕೇವಲ ಆರು ಗಂಟೆಗಳಷ್ಟು ಕಲಿಕೆಯ ನಂತರ ಅವರು ಒಬ್ಬರೇ ವಿಮಾನ ಹಾರಿಸಿದರು. ತಾಯಿಯ ಮರಣಾನಂತರ ದೊರೆತ ಆಸ್ತಿ ಕೈಯಲ್ಲಿದ್ದುದರಿಂದ ಸ್ವಂತ ವಿಮಾನ ಕೊಳ್ಳುವುದು ಕಷ್ಟವಾಗಲಿಲ್ಲ.

1929ರ ಆಗಸ್ಟ್‌ನಲ್ಲಿ ಅಮೆರಿಕದ ಮೊದಲ ಮಹಿಳಾ ವಿಮಾನ ಸ್ಪರ್ಧೆ ಸಾಂಟಾ ಮೋನಿಕಾದಿಂದ ಕ್ಲೀವ್‌ಲ್ಯಾಂಡ್‌ವರೆಗೆ ನಡೆಯಿತು. ಇಪ್ಪತ್ತು ಮಂದಿ ಸ್ಪರ್ಧಿಗಳಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಮತ್ತು ಪಾಂಚೊ ಇಬ್ಬರೂ ಇದ್ದರು. ಟೆಕ್ಸಸ್‌ನ ಪೇಕೋಸ್‌ನಲ್ಲಿ ಇಳಿಯುವಾಗ ಪಾಂಚೊ ಅವರ ವಿಮಾನ ಓಡುಹಾದಿಯ ಬಳಿ ನಿಂತಿದ್ದ ವಾಹನಕ್ಕೆ ಬಡಿದು ಜಖಂಗೊಂಡಿತು. ಅವರಿಗೆ ಪೆಟ್ಟಾಗದಿದ್ದರೂ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಲೂಯಿಸ್ ಥೇಡನ್ ಗೆದ್ದರು. ಅದೇ ಸ್ಪರ್ಧೆಯಲ್ಲಿ ಮಾರ್ವೆಲ್ ಕ್ರಾಸನ್ ಎಂಬ ಚಾಲಕಿ ಪ್ರಾಣ ತೆತ್ತರು. ಹೆಂಗಸರಿಗೆ ವಿಮಾನ ಸಲ್ಲದೆಂಬ ಕೂಗು ಪತ್ರಿಕೆಗಳಲ್ಲಿ ಎದ್ದರೂ ಉಳಿದವರು ಸ್ಪರ್ಧೆಯನ್ನು ನಿಲ್ಲಿಸಲು ಒಪ್ಪಲಿಲ್ಲ.

ಮರುವರ್ಷ, 1930ರ ಆಗಸ್ಟ್‌ನಲ್ಲಿ, ಟ್ರಾವೆಲ್ ಏರ್ ಕಂಪನಿಯ ಮಿಸ್ಟರಿ ಶಿಪ್ ಎಂಬ ಒಂಟಿ ರೆಕ್ಕೆಜೋಡಿಯ ವಿಮಾನದಲ್ಲಿ ಪಾಂಚೊ ಗಂಟೆಗೆ 196.19 ಮೈಲಿ ವೇಗ ಸಾಧಿಸಿ ಇಯರ್‌ಹಾರ್ಟ್ ಹೆಸರಿನಲ್ಲಿದ್ದ ದಾಖಲೆಯನ್ನು ಮುರಿದರು. ಹವರ್ಡ್ ಹ್ಯೂಸ್ ನಿರ್ಮಿಸಿದ ಹೆಲ್ಸ್ ಏಂಜಲ್ಸ್ ಚಿತ್ರಕ್ಕೂ ಅವರು ಹಾರಾಟ ನಡೆಸಿದರು. ಚಲನಚಿತ್ರಗಳಲ್ಲಿ ಅಪಾಯದ ಹಾರಾಟ ನಡೆಸುತ್ತಿದ್ದ ಚಾಲಕರಿಗೆ ಆಗ ನಿಗದಿತ ಸಂಭಾವನೆ ಎಂಬುದಿರಲಿಲ್ಲ. ಕೆಲಸವಿಲ್ಲದವರು ಕಡಿಮೆ ಹಣಕ್ಕೇ ಪ್ರಾಣವನ್ನು ಪಣಕ್ಕೊಡ್ಡುತ್ತಿದ್ದರು. 1930ರ ದಶಕದ ಆರಂಭದಲ್ಲಿ ಪಾಂಚೊ ಮತ್ತಿತರರು ಸೇರಿ ಈ ಚಾಲಕರ ಸಂಘವನ್ನು ಕಟ್ಟಿ ಒಂದೊಂದು ಬಗೆಯ ಸಾಹಸಕ್ಕೂ ಇಷ್ಟೆಂದು ದರ ಗೊತ್ತುಮಾಡಿದರು. ವೇಗದ ದಾಖಲೆಯನ್ನು ಬೇರೆಯವರು ಬಹುಬೇಗ ಮುರಿದರು. ಈ ಸಂಘದ ಕೆಲಸವೇ ಹೆಚ್ಚು ಬಾಳಿಕೆಯದೆನ್ನಬೇಕು. ಆಪತ್ಕಾಲದಲ್ಲಿ ನೆರವಾಗಬಲ್ಲ ಮಹಿಳಾ ಚಾಲಕರ ಮೀಸಲು ದಳವೊಂದನ್ನೂ ಅವರು ಗೆಳತಿಯರೊಡನೆ ಸ್ಥಾಪಿಸಿದರು.

ಇಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂದಿತ್ತು. ಪಾಂಚೊ ಅವರದು ಕೈಬಿಚ್ಚಿ ಖರ್ಚುಮಾಡುವ ಸ್ವಭಾವ. ಲಗೂನ ಬೀಚ್‌ನ ಅವರ ಮನೆಯಲ್ಲಿ ಅತಿಥಿಗಳಿಗೆ ಕೊನೆಯಿರಲಿಲ್ಲ. ಕೆಲವೇ ವರ್ಷಗಳಲ್ಲಿ ಪಿತ್ರಾರ್ಜಿತ ಆಸ್ತಿ ಕರಗಿತು; ಪ್ರೀತಿಯ ಮಿಸ್ಟರಿ ಶಿಪ್ ವಿಮಾನವನ್ನೂ ಮಾರಬೇಕಾಯಿತು.

ಮರುಭೂಮಿಗೆ

1935ರಲ್ಲಿ ಪಾಂಚೊ ಲಾಸ್ ಏಂಜಲಿಸ್‌ನ ಉತ್ತರಕ್ಕೆ, ಮೊಹಾವಿ ಮರುಭೂಮಿಯ ಪಶ್ಚಿಮ ಅಂಚಿನಲ್ಲಿ, 80 ಎಕರೆ ಜಮೀನು ಕೊಂಡು ಮಗನೊಂದಿಗೆ ಅಲ್ಲಿ ನೆಲೆಸಿದರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ, ಮುಳ್ಳುಪೊದೆ ಮತ್ತು ಜೋಶುವಾ ಮರಗಳಲ್ಲದೆ ಮತ್ತೇನೂ ಕಾಣದ ಪ್ರದೇಶವದು. ಆದರೆ ಬಾವಿಯ ನೀರು ಸಿಗುತ್ತಿತ್ತು. ಆ ನೀರಿನಿಂದ ಅವರು ಆಲ್ಫಾಲ್ಫ ಬೆಳೆದರು. ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಹಸಿರು ಮೇವು ಅದೇ. ಹಸು, ಹಂದಿ, ಕುದುರೆಗಳನ್ನು ಸಾಕಿದರು. ಜಮೀನಿನಲ್ಲಿಯೇ ವಿಮಾನ ಇಳಿಯುವ ಪಟ್ಟಿಯನ್ನೂ ಮಾಡಿಕೊಂಡರು.

ಪಕ್ಕದಲ್ಲೇ ರಾಜರ್ಸ್ ಎಂಬ ಬತ್ತಿದ ಸರೋವರವಿತ್ತು. ಈ ಸರೋವರದ ಸ್ವರೂಪ ತಿಳಿಯದೆ ಮುಂದಿನ ಇತಿಹಾಸ ಅರ್ಥವಾಗುವುದಿಲ್ಲ. ಸುಮಾರು 44 ಚದರ ಮೈಲಿ ಹರವಿನ ಆ ತಳ ಮೇಜಿನಷ್ಟು ಸಮತಟ್ಟು. ಚಳಿಗಾಲದ ಮಳೆಗೆ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿಂದಿತ್ತ ತಳ್ಳಿದಾಗ ಕೆಸರು ಬಿರುಕುಗಳನ್ನು ತುಂಬಿ ನೆಲ ಮತ್ತೆ ನುಣುಪಾಗುತ್ತದೆ. ಬಿಸಿಲು ಬಂದ ಮೇಲೆ ಅದು ಭಾರವಾದ ವಿಮಾನವನ್ನೂ ತಾಳಬಲ್ಲಷ್ಟು ಗಟ್ಟಿಯಾಗುತ್ತದೆ. ಮನುಷ್ಯ ಕಟ್ಟದೆ, ವರ್ಷವರ್ಷವೂ ತಾನೇ ದುರಸ್ತಿಯಾಗುವ ವಿಮಾನ ನಿಲ್ದಾಣವೆಂದರೆ ತಪ್ಪಲ್ಲ. 1910ರ ಸುಮಾರಿಗೆ ಇಲ್ಲಿ ನೆಲೆಸಿದ್ದ ಕೋರಮ್ ಕುಟುಂಬದವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದಾಗ ಬಂದದ್ದೇ ಮ್ಯೂರಾಕ್ ಎಂಬ ಊರ ಹೆಸರು.

1933ರಲ್ಲಿಯೇ ಸೇನೆಯ ಅಧಿಕಾರಿ ಹ್ಯಾಪ್ ಆರ್ನಲ್ಡ್ ಈ ಪ್ರದೇಶವನ್ನು ಬಾಂಬ್ ಎಸೆಯುವ ಮತ್ತು ಗುಂಡು ಹಾರಿಸುವ ಅಭ್ಯಾಸಕ್ಕೆ ಆರಿಸಿದ್ದರು. ಪಾಂಚೊ ಬಂದಾಗ ಸರೋವರದ ಅಂಚಿನಲ್ಲಿ ಇದ್ದುದು ಕೆಲವು ಡೇರೆಗಳು, ಬೆರಳೆಣಿಕೆಯ ಸೈನಿಕರು ಮಾತ್ರ. ಪಾಂಚೊ ಆ ಡೇರೆಗಳಿಗೆ ಹಾಲು, ಹಂದಿಮಾಂಸ ಮಾರತೊಡಗಿದರು. ಸೈನಿಕರ ಊಟದ ಮನೆಯಲ್ಲಿ ಉಳಿದ ಎಂಜಲು, ತರಕಾರಿ ಸಿಪ್ಪೆಗಳನ್ನು ಸಾಗಿಸುವ ಗುತ್ತಿಗೆಯನ್ನೂ ಹಿಡಿದು ಅದರಿಂದ ಹಂದಿಗಳನ್ನು ಸಾಕಿದರು. ಅದೇ ಹಂದಿಗಳ ಮಾಂಸ ಮರಳಿ ಸೈನಿಕರ ತಟ್ಟೆಗೆ ಹೋಗುತ್ತಿತ್ತು. ಆರ್ನಲ್ಡ್ ಮತ್ತು ಜಿಮ್ಮಿ ಡೂಲಿಟಲ್ ಮುಂತಾದ ಅಧಿಕಾರಿಗಳು ಪಾಂಚೊ ಅವರಿಗೆ ಹಳೆಯ ಹಾರಾಟದ ದಿನಗಳ ಪರಿಚಿತರೇ. ನೆಲೆಯೂ ಜಮೀನೂ ಹೀಗೆ ಒಂದನ್ನೊಂದು ಆಶ್ರಯಿಸಿ ಬೆಳೆದವು.

ಯುದ್ಧಕಾಲದ ತರಬೇತಿ ನೆಲೆ

ಯುದ್ಧದ ಮುನ್ಸೂಚನೆ ಕಂಡ ಅಮೆರಿಕ ಸರಕಾರ ನಾಗರಿಕರಿಗೆ ವಿಮಾನಚಾಲನೆ ಕಲಿಸುವ ಯೋಜನೆಯನ್ನು ಜಾರಿಗೆ ತಂದಿತ್ತು. ಈ ಯೋಜನೆಯಡಿ ಪಾಂಚೊ ಅವರ ಜಮೀನಿನ ಪಟ್ಟಿಯಲ್ಲೂ ಯುವಕರು ಹಾರಾಟ ಕಲಿತರು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಬಳಿಕ ಮರುಭೂಮಿಯ ಚಿತ್ರವೇ ಬದಲಾಯಿತು. ಶಾಂತಸಾಗರದ ದಂಡೆಗೆ ಶತ್ರುವಿನ ಭಯವಿತ್ತು. ಬೆಟ್ಟಗಳ ಆಚೆಗಿನ ಮರುಭೂಮಿ ಸುರಕ್ಷಿತ. ವರ್ಷದ ಬಹುಪಾಲು ದಿನ ಮೋಡವಿಲ್ಲದ ಆಕಾಶ, ಜನವಸತಿಯಿಲ್ಲದ ಬಯಲು, ಯಂತ್ರ ಕೆಟ್ಟರೆ ಎಲ್ಲೆಂದರಲ್ಲಿ ಇಳಿಯಬಹುದಾದ ನೆಲ ಇವೆಲ್ಲ ಹೊಸಬರ ಕಲಿಕೆಗೆ ಅನುಕೂಲವಾಗಿದ್ದವು. ಹೀಗಾಗಿ ಮೊಹಾವಿಯ ಉದ್ದಗಲಕ್ಕೂ ತರಬೇತಿ ನೆಲೆಗಳು ಎದ್ದವು. ವಿಕ್ಟರ್‌ವಿಲ್‌ನಲ್ಲಿ ಬಾಂಬ್ ಗುರಿಕಾರರಿಗೆ ಪಾಠ ನಡೆಯಿತು. ಲ್ಯಾಂಕಾಸ್ಟರ್ ಬಳಿಯ ವಾರ್ ಈಗಲ್ ಮೈದಾನದಲ್ಲಿ ಬ್ರಿಟಿಷ್ ವಾಯುಪಡೆಯ ಹುಡುಗರೂ ಬಂದು ಕಲಿತರು. ಮೊಹಾವಿ ಪಟ್ಟಣದ ನೆಲೆ ನೌಕಾ ಪದಾತಿ ದಳದ ಚಾಲಕರಿಗೆ ಮೀಸಲಾಯಿತು.

ಮ್ಯೂರಾಕ್ 1942ರಲ್ಲಿ ಸ್ವತಂತ್ರ ನೆಲೆಯಾಯಿತು. ಪಿ-38 ಯುದ್ಧವಿಮಾನದ ಚಾಲಕರಿಗೂ ಬಿ-24, ಬಿ-25 ಬಾಂಬರ್‌ಗಳ ಸಿಬ್ಬಂದಿಗೂ ರಣರಂಗಕ್ಕೆ ಹೋಗುವ ಮುನ್ನ ಕೊನೆಯ ಹಂತದ ತರಬೇತಿ ಇಲ್ಲಿಯೇ. ಒಣ ಸರೋವರದ ಮೇಲೆ ಮರದ ಚೌಕಟ್ಟು, ತಂತಿಬಲೆ, ಟಾರು ಕಾಗದಗಳಿಂದ ಜಪಾನಿ ಯುದ್ಧನೌಕೆಯ ಆಕೃತಿಯೊಂದನ್ನು ನಿರ್ಮಿಸಲಾಗಿತ್ತು. ಸುಮಾರು 650 ಅಡಿ ಉದ್ದದ ಈ ಸುಳ್ಳು ಹಡಗನ್ನು ಸೈನಿಕರು ಮ್ಯೂರಾಕ್ ಮಾರು ಎಂದು ಕರೆದರು. ಬಿಸಿಲ್ಗುದುರೆಯ ದೆಸೆಯಿಂದ ಅದು ನೀರಿನಲ್ಲಿ ತೇಲುತ್ತಿರುವಂತೆಯೇ ದೂರಕ್ಕೆ ಕಾಣುತ್ತಿತ್ತು. ಕಡಲಿನಿಂದ ದೂರದ ಮರಳುಗಾಡಿನಲ್ಲಿ ಹಡಗು ಮುಳುಗಿಸುವ ವಿದ್ಯೆಯನ್ನು ಕಲಿತ ಹುಡುಗರು ಇಲ್ಲಿಂದಲೇ ಶಾಂತಸಾಗರದ ಯುದ್ಧಕ್ಕೆ ತೆರಳಿದರು. ಕಲಿಕೆಯ ಅವಧಿಯಲ್ಲೇ ಅಪಘಾತದಲ್ಲಿ ಸತ್ತವರೂ ಉಂಟು.

ಸರೋವರದ ಉತ್ತರ ದಂಡೆಯಲ್ಲಿ ಇನ್ನೊಂದು ಕೆಲಸ ಗುಟ್ಟಾಗಿ ಸಾಗಿತ್ತು. 1942ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೊದಲ ಜೆಟ್ ವಿಮಾನ ಎಕ್ಸ್‌ಪಿ-59ಎ ಅಲ್ಲಿ ಹಾರಿತು. ನೆಲದ ಮೇಲೆ ನಿಂತಿರುವಾಗ ಅನ್ಯರಿಗೆ ಸಂಶಯ ಬಾರದಿರಲೆಂದು ಅದರ ಮೂತಿಗೆ ಸುಳ್ಳು ಪ್ರೊಪೆಲರ್ ಸಿಕ್ಕಿಸುತ್ತಿದ್ದರು.

ಬಿಸಿಲು, ಧೂಳು, ಸಾವಿನ ಭಯದ ನಡುವೆ ಇದ್ದ ಇಪ್ಪತ್ತರ ಹರೆಯದ ಈ ಹುಡುಗರಿಗೆ ಹತ್ತಿರದಲ್ಲಿ ಹೋಗಲು ಬೇರೆ ಜಾಗವೇ ಇರಲಿಲ್ಲ. ಪಾಂಚೊ ಅವರ ಮನೆಯಲ್ಲಿ ಊಟ, ಸವಾರಿಗೆ ಕುದುರೆ, ಈಜುಕೊಳದ ತಣ್ಣೀರು ಸಿಗುತ್ತಿದ್ದವು. ಮಾತಿನಲ್ಲಿ ಒರಟರಾದರೂ, ವಿಮಾನದ ವಿಷಯವನ್ನು ಸರಿಸಮನಾಗಿ ಮಾತಾಡಬಲ್ಲ ಮನೆಯೊಡತಿ ಅಲ್ಲಿದ್ದರು. ಪರಿಚಿತರಿಗಷ್ಟೇ ತೆರೆದಿದ್ದ ಈ ಆತಿಥ್ಯ ನಿಧಾನವಾಗಿ ವ್ಯಾಪಾರವಾಗಿ ಬೆಳೆಯಿತು.

ಹ್ಯಾಪಿ ಬಾಟಮ್ ರೈಡಿಂಗ್ ಕ್ಲಬ್

ಯುದ್ಧದ ನಂತರ ತರಬೇತಿ ನೆಲೆಗಳಲ್ಲಿ ಅನೇಕವು ಮುಚ್ಚಿದವು. ಮ್ಯೂರಾಕ್ ಮಾತ್ರ ಹೊಸ ವಿಮಾನಗಳ ಪರೀಕ್ಷಾ ಕೇಂದ್ರವಾಗಿ ಮುಂದುವರಿಯಿತು. ಪಾಂಚೊ ತಮ್ಮ ತಾಣವನ್ನು ಸದಸ್ಯರ ಕ್ಲಬ್ ಆಗಿ ಮಾರ್ಪಡಿಸಿ ಹ್ಯಾಪಿ ಬಾಟಮ್ ರೈಡಿಂಗ್ ಕ್ಲಬ್ ಎಂದು ಹೆಸರಿಟ್ಟರು. ಕುದುರೆಯ ಜೀನಿನ ಮೇಲೆ ಕೂತವರ ಸುಖವನ್ನು ಕುರಿತ ತಮಾಷೆಯ ಹೆಸರದು. ಜಮೀನು ಸುಮಾರು 360 ಎಕರೆಗೆ ಹಬ್ಬಿತು. ನೃತ್ಯಶಾಲೆ, ತಂಗುವ ಕೊಠಡಿಗಳು, ಕುದುರೆ ಪಂದ್ಯದ ಅಂಗಣ, ರಾತ್ರಿ ದೀಪ ಬೆಳಗುವ ವಿಮಾನ ಪಟ್ಟಿ ಎಲ್ಲವೂ ಬಂದವು. ಸದಸ್ಯರ ಸಂಖ್ಯೆ ಸಾವಿರಗಟ್ಟಲೆ ಏರಿತು.

1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಬೆಲ್ ಎಕ್ಸ್-1 ವಿಮಾನದಲ್ಲಿ ಶಬ್ದದ ವೇಗವನ್ನು ಮೀರಿದರು. ಅದಕ್ಕೆ ಎರಡು ರಾತ್ರಿ ಮೊದಲು ಪಾಂಚೊ ಅವರ ಕುದುರೆಯಿಂದ ಬಿದ್ದು ಯೇಗರ್‌ರ ಪಕ್ಕೆಲುಬುಗಳು ಮುರಿದಿದ್ದವು. ಮೇಲಧಿಕಾರಿಗಳಿಗೆ ತಿಳಿದರೆ ಹಾರಾಟ ತಪ್ಪುತ್ತದೆಂದು ಅವರು ಅದನ್ನು ಬಚ್ಚಿಟ್ಟರು. ನೋವಿನಿಂದ ಬಾಗಿಲು ಮುಚ್ಚಲಾಗದ್ದಕ್ಕೆ ಗೆಳೆಯ ಜ್ಯಾಕ್ ರಿಡ್ಲಿ ಪೊರಕೆಯ ಹಿಡಿಯ ತುಂಡೊಂದನ್ನು ಕೊಯ್ದು ಸನ್ನೆಯಾಗಿ ಕೊಟ್ಟರು. ಶಬ್ದವೇಗ ಮೀರಿದವರಿಗೆ ಪಾಂಚೊ ಉಚಿತವಾಗಿ ಮಾಂಸದೂಟ ಬಡಿಸುವ ಪದ್ಧತಿ ಅಂದಿನಿಂದ ಶುರುವಾಯಿತು. 1949ರ ಡಿಸೆಂಬರ್‌ನಲ್ಲಿ ಮ್ಯೂರಾಕ್ ನೆಲೆಗೆ, ಹಿಂದಿನ ವರ್ಷ ಪರೀಕ್ಷಾ ಹಾರಾಟದಲ್ಲಿ ಮಡಿದ ಗ್ಲೆನ್ ಎಡ್ವರ್ಡ್ಸ್ ಅವರ ಹೆಸರನ್ನು ಇಡಲಾಯಿತು.

ಭೂಸ್ವಾಧೀನ ಮತ್ತು ಮೊಕದ್ದಮೆ

1952ರಲ್ಲಿ ಪಾಂಚೊ ನಾಲ್ಕನೆಯ ಬಾರಿ ಮದುವೆಯಾದರು. ವರ ಅವರ ಜಮೀನಿನ ಮೇಲ್ವಿಚಾರಕ ಮ್ಯಾಕ್ ಮೆಕೆಂಡ್ರಿ. ವಾಯುಪಡೆಯ ಹಿರಿಯ ಅಧಿಕಾರಿಗಳು, ಪರೀಕ್ಷಾ ಚಾಲಕರು, ಊರವರು ಸೇರಿದ ಆ ಸಮಾರಂಭ ನೆಲೆಯೊಂದಿಗಿನ ಅವರ ಸ್ನೇಹದ ಕೊನೆಯ ದೊಡ್ಡ ಸಂಭ್ರಮವಾಯಿತು. ಅದೇ ವರ್ಷ ಹಳೆಯ ಸ್ನೇಹಿತರಾದ ಜನರಲ್ ಆಲ್ಬರ್ಟ್ ಬಾಯ್ಡ್ ವರ್ಗವಾಗಿ, ಜೆ. ಸ್ಟಾನ್ಲಿ ಹೋಲ್ಟೋನರ್ ನೆಲೆಯ ಮುಖ್ಯಸ್ಥರಾಗಿ ಬಂದರು.

ವಿಮಾನಗಳ ವೇಗ ಹೆಚ್ಚಿದಂತೆ ನೆಲೆಗೆ ಹೆಚ್ಚು ಉದ್ದದ ಓಡುಹಾದಿ, ಹೆಚ್ಚು ವಿಸ್ತಾರವಾದ ಬಯಲು ಬೇಕೆನಿಸಿತು. ಸುತ್ತಲಿನ ಜಮೀನುಗಳನ್ನು, ಮ್ಯೂರಾಕ್ ಊರನ್ನೂ ಸೇರಿಸಿ, ವಶಪಡಿಸಿಕೊಳ್ಳುವ ಯೋಜನೆ ಸಿದ್ಧವಾಯಿತು. ಸರಕಾರ ಕೊಡಬಂದ ಬೆಲೆಯನ್ನು ಪಾಂಚೊ ಒಪ್ಪಲಿಲ್ಲ. ಇದೇ ಸಮಯದಲ್ಲಿ ಅವರ ಕ್ಲಬ್ಬಿನಲ್ಲಿ ಅನೈತಿಕ ವ್ಯವಹಾರ ನಡೆಯುತ್ತದೆಂಬ ಮಾತು ಹಬ್ಬಿ, ಸೈನಿಕರು ಅಲ್ಲಿಗೆ ಹೋಗಕೂಡದೆಂಬ ನಿಷೇಧ ಬಂದಿತು. ವ್ಯಾಪಾರ ನೆಲಕಚ್ಚಿತು. ಪಾಂಚೊ ಈ ಆರೋಪವನ್ನು ಕಡೆಯವರೆಗೂ ಅಲ್ಲಗಳೆದರು. ಜಮೀನಿನ ಬೆಲೆಗಿಂತ ಈ ಅಪವಾದವೇ ಅವರನ್ನು ಹೆಚ್ಚು ಕೆರಳಿಸಿದಂತೆ ತೋರುತ್ತದೆ.

ಅವರು ಸರಕಾರದ ಮೇಲೆ ಮೊಕದ್ದಮೆಗಳನ್ನು ಹೂಡಿದರು. ವಕೀಲರನ್ನು ನೆಚ್ಚದೆ ಕಾನೂನು ಪುಸ್ತಕಗಳನ್ನು ತಾವೇ ಓದಿ ನ್ಯಾಯಾಲಯದಲ್ಲಿ ತಾವೇ ವಾದಿಸಿದರು. ವಿಚಾರಣೆಯ ನಡುವೆಯೇ, 1953ರ ನವೆಂಬರ್‌ನಲ್ಲಿ, ಕ್ಲಬ್ಬಿಗೆ ಬೆಂಕಿ ಬಿದ್ದಿತು. ಮನೆ, ನೃತ್ಯಶಾಲೆ, ಹಳೆಯ ಪದಕ, ಛಾಯಾಚಿತ್ರಗಳು ಸುಟ್ಟುಹೋದವು. ಬೆಲೆಬಾಳುವ ಕುದುರೆಗಳೂ ಸತ್ತವು. ಬೆಂಕಿಯ ಕಾರಣ ಕೊನೆಗೂ ಖಚಿತವಾಗಲಿಲ್ಲ.

ನ್ಯಾಯಾಲಯದ ತೀರ್ಮಾನದಿಂದ ಪಾಂಚೊ ಅವರಿಗೆ ದೊರೆತ ಪರಿಹಾರ ಸರಕಾರ ಮೊದಲು ಹೇಳಿದ್ದಕ್ಕಿಂತ ಬಹಳ ಹೆಚ್ಚು, ಮೂರು ಲಕ್ಷ ಡಾಲರುಗಳಿಗೂ ಮಿಗಿಲು. ಆದರೆ ಭೂಮಿ ಉಳಿಯಲಿಲ್ಲ. ದೇಶದ ರಕ್ಷಣೆಗೆ ನೆಲ ಬೇಕೆಂಬುದು ಸುಳ್ಳಲ್ಲ. ಬರಡು ನೆಲದಲ್ಲಿ ಹದಿನೆಂಟು ವರ್ಷ ದುಡಿದು, ಡೇರೆಯ ಕಾಲದಿಂದಲೂ ನೆಲೆಯ ಹಸಿವು ನೀಗಿದವರನ್ನು ಎಬ್ಬಿಸಿದ ರೀತಿ ಸರಿಯೆನ್ನುವುದು ಮಾತ್ರ ಕಷ್ಟ. ಯಾವ ಓಡುಹಾದಿಗೆಂದು ಆ ಜಮೀನನ್ನು ಕೇಳಿದರೋ ಆ ಓಡುಹಾದಿ ಅದರ ಮೇಲೆ ಬರಲೂ ಇಲ್ಲ.

ಕೊನೆಯ ವರ್ಷಗಳು

ಪರಿಹಾರದ ಹಣದಿಂದ ಪಾಂಚೊ ಮರುಭೂಮಿಯಲ್ಲೇ ಇನ್ನಷ್ಟು ಉತ್ತರಕ್ಕೆ, ಕ್ಯಾಂಟಿಲ್ ಬಳಿ ಜಮೀನು ಕೊಂಡು ಹಿಂದಿನಂತೆಯೇ ಹೊಸ ತಾಣವೊಂದನ್ನು ಕಟ್ಟಲು ಬಯಸಿದರು. ಅದು ಕೈಗೂಡಲಿಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಪತಿಯೊಡನೆ ವಿಚ್ಛೇದನ, ಹಣದ ಮುಗ್ಗಟ್ಟು ಒಂದರ ಹಿಂದೊಂದು ಬಂದವು. ಮಾರಿದ್ದ ಮಿಸ್ಟರಿ ಶಿಪ್ ಹಲವು ಕೈ ದಾಟಿ ಮುಪ್ಪಿನ ದಿನಗಳಲ್ಲಿ ಹರಾಜಿಗೆ ಬಂದಾಗ ಅವರು ಮಗನೊಡನೆ ಹೋಗಿ ಅದನ್ನು ಮರಳಿ ಕೊಂಡುತಂದರು.

1960ರ ದಶಕದಲ್ಲಿ ಎಡ್ವರ್ಡ್ಸ್ ನೆಲೆಯವರು ಮತ್ತೆ ಅವರನ್ನು ಸಮಾರಂಭಗಳಿಗೆ ಕರೆದು ಗೌರವಿಸತೊಡಗಿದರು. ಬೋರಾನ್ ಎಂಬ ಗಣಿ ಊರಿನ ಸಣ್ಣ ಮನೆಯಲ್ಲಿ ಒಂಟಿಯಾಗಿದ್ದ ಪಾಂಚೊ 1975ರ ಮಾರ್ಚ್ ತಿಂಗಳ ಕೊನೆಯಲ್ಲಿ ನಿಧನರಾಗಿರುವುದು ಕಂಡುಬಂತು. ಕೆಲವೇ ದಿನಗಳಲ್ಲಿ ಹಳೆಯ ವಿಮಾನಚಾಲಕರ ಕೂಟವೊಂದರಲ್ಲಿ ಅವರು ಮಾತನಾಡಬೇಕಿತ್ತು. ಮಗ ವಿಲಿಯಂ ವಾಯುಪಡೆಯ ಅನುಮತಿ ಪಡೆದು, ವಿಮಾನದಲ್ಲಿ ಹಳೆಯ ಜಮೀನಿನ ಮೇಲೆ ಹಾರಿ ತಾಯಿಯ ಚಿತಾಭಸ್ಮವನ್ನು ಅಲ್ಲಿ ಚೆಲ್ಲಿದರು. ಐದು ವರ್ಷಗಳ ನಂತರ, 1980ರಲ್ಲಿ, ಲ್ಯಾಂಕಾಸ್ಟರ್ ಸಮೀಪ ಪಿ-51 ವಿಮಾನದ ಅಪಘಾತದಲ್ಲಿ ವಿಲಿಯಂ ಕೂಡ ಮೃತಪಟ್ಟರು.

ಸ್ಮರಣೆ

ಟಾಮ್ ವುಲ್ಫ್ ಅವರ ದಿ ರೈಟ್ ಸ್ಟಫ್ ಎಂಬ 1979ರ ಪುಸ್ತಕ ಮತ್ತು ಅದನ್ನು ಆಧರಿಸಿದ 1983ರ ಚಲನಚಿತ್ರದಿಂದ ಪಾಂಚೊ ಅವರ ಹೆಸರು ಹೊಸ ತಲೆಮಾರಿಗೆ ಪರಿಚಯವಾಯಿತು. ಚಿತ್ರದಲ್ಲಿ ಕಿಮ್ ಸ್ಟಾನ್ಲಿ ಅವರ ಪಾತ್ರ ವಹಿಸಿದ್ದಾರೆ. ಆದರೆ ಅಲ್ಲಿ ಕಾಣುವುದು ಮರುಭೂಮಿಯ ಹೋಟೆಲಿನ ಒಡತಿ ಮಾತ್ರ. ದಾಖಲೆ ಮುರಿದ ಚಾಲಕಿಯೂ ಸಂಘ ಕಟ್ಟಿದ ಕಾರ್ಮಿಕಳೂ ಹಿನ್ನೆಲೆಗೆ ಸರಿದಿದ್ದಾರೆ. ಅವರ ಜೀವನವನ್ನು ಕುರಿತ ಸಾಕ್ಷ್ಯಚಿತ್ರವೊಂದು 2009ರಲ್ಲಿ ತೆರೆಕಂಡಿತು.

ಕ್ಲಬ್ಬಿನ ಅಡಿಪಾಯದ ಕಲ್ಲುಗಳು, ಕಾರಂಜಿಯ ಕಟ್ಟೆ, ಕುಸಿದ ಗೋಡೆಗಳು ಎಡ್ವರ್ಡ್ಸ್ ನೆಲೆಯ ಬೇಲಿಯೊಳಗೆ ಈಗಲೂ ಇವೆ. ನೆಲೆಯ ಸಿಬ್ಬಂದಿ ಆ ಪಾಳಿನ ನಡುವೆ ಸೇರಿ ಪಾಂಚೊ ಅವರ ನೆನಪಿನಲ್ಲಿ ಬಯಲೂಟ ಏರ್ಪಡಿಸುವ ವಾಡಿಕೆ ಬೆಳೆದುಬಂದಿದೆ.